ರಿಂಜಾನಿ ಜ್ವಾಲಾಮುಖಿ ಹತ್ತಬೇಕು, ಬುಡದ ಹಳ್ಳಿಯಲ್ಲಿ ಉಳಿಯಬೇಕು. ಯಾರಾದರೂ ಹೋಗಿದ್ದೀರಾ?

ಶಿಡ್ಲಘಟ್ಟ_ಗೂಡು

ಎಲ್ಲರಿಗೂ ನಮಸ್ಕಾರ. ನಮ್ಮದು ರೇಷ್ಮೆ ಮನೆ. ಜುಲೈನಲ್ಲಿ ಗೂಡು ಮಾರಿ, ಮುಂದಿನ ಚಾಕಿ (ರೇಷ್ಮೆ ಮರಿಹುಳ) ತರುವ ಮೊದಲು ಹತ್ತು ಹನ್ನೆರಡು ದಿನ ಬಿಡುವು ಮಾಡಿಕೊಂಡು ನಾನು, ನನ್ನ ತಂಗಿ ಇಬ್ಬರೂ ಇಂಡೋನೇಷ್ಯಾದ ಲೊಂಬೊಕ್ ದ್ವೀಪಕ್ಕೆ ಹೊರಟಿದ್ದೇವೆ. ಬೀಚ್ ನಮಗೆ ಬೇಡ. ರಿಂಜಾನಿ ಹತ್ತಬೇಕು. ಅದಕ್ಕೂ ಮೊದಲು ಬುಡದ ಹಳ್ಳಿಯಲ್ಲಿ ನಾಲ್ಕೈದು ದಿನ ಇರಬೇಕು. ಬೆಂಕಿ ಉಗುಳುವ ಬೆಟ್ಟದ ಪಕ್ಕದಲ್ಲೇ ಬೆಳೆ ಇಟ್ಟುಕೊಂಡು ಬದುಕುವುದು ಹೇಗೆ ಅಂತ ನೋಡುವ ಆಸೆ ನನಗೆ ತುಂಬಾ ದಿನದಿಂದ ಇದೆ.

ಸೆಂಬಲುನ್, ಸೆನಾರು ಅಂತ ಎರಡು ಹಳ್ಳಿಗಳ ಹೆಸರು ಕೇಳಿದ್ದೇನೆ. ಯಾವುದರಲ್ಲಿ ಉಳಿಯುವುದು? ಸ್ಕಂದಗಿರಿ ಐದಾರು ಸಲ ಹತ್ತಿದ್ದೇವೆ, ಆವಲಬೆಟ್ಟಕ್ಕೂ ಹೋಗಿದ್ದೇವೆ. ಅಷ್ಟು ಅಭ್ಯಾಸ ಸಾಕಾ? ತಂಗಿ ಮಾಂಸ, ಮೊಟ್ಟೆ ಮುಟ್ಟುವುದಿಲ್ಲ. ಊಟ ಸಿಗುತ್ತದಾ?

ಮಧುಗಿರಿ_ಬಂಡೆ

ನಾನು 2023ರ ಆಗಸ್ಟ್‌ನಲ್ಲಿ ಹೋಗಿ ಬಂದೆ. ನೇರವಾಗಿ ಹೇಳುತ್ತೇನೆ, ಆ ಅಭ್ಯಾಸ ಸಾಲದು. ಸ್ಕಂದಗಿರಿ 1450 ಮೀಟರ್, ರಿಂಜಾನಿ 3726. ಸೆಂಬಲುನ್ ಸುಮಾರು 1150 ಮೀಟರ್ ಎತ್ತರದಲ್ಲಿದೆ, ಅಲ್ಲಿಂದ ಮೇಲಕ್ಕೆ ಎರಡೂವರೆ ಸಾವಿರ ಮೀಟರ್ ಹತ್ತಬೇಕು. ಮೊದಲ ದಿನ ಹುಲ್ಲುಗಾವಲು ದಾಟಿ ಜ್ವಾಲಾಮುಖಿಯ ಕುಳಿಯ ಅಂಚಿಗೆ ಹೋಗುತ್ತೇವೆ. ಅದೇ 2600 ಮೀಟರ್ ದಾಟುತ್ತದೆ. ಅಲ್ಲಿ ಟೆಂಟ್. ರಾತ್ರಿ ಎರಡು ಗಂಟೆಗೆ ಎಬ್ಬಿಸುತ್ತಾರೆ.

ಶಿಖರಕ್ಕೆ ಹೋಗುವ ಕೊನೆಯ ದಾರಿ ನಮ್ಮ ಮಧುಗಿರಿ ಥರ ಗಟ್ಟಿ ಬಂಡೆ ಅಲ್ಲ. ಬರೀ ಬೂದಿ, ಪುಡಿಗಲ್ಲು. ಎರಡು ಹೆಜ್ಜೆ ಇಟ್ಟರೆ ಒಂದು ಹೆಜ್ಜೆ ಹಿಂದಕ್ಕೆ ಜಾರುತ್ತದೆ, ಎರಡೂ ಕಡೆ ಇಳಿಜಾರು, ಮೇಲಿಂದ ಮೈ ಕೊರೆಯುವ ಗಾಳಿ. ನನ್ನ ಗೆಳೆಯ ಅರ್ಧದಲ್ಲೇ ಕೂತುಬಿಟ್ಟ. ಪುಣ್ಯಕ್ಕೆ ಗೈಡ್ ಇಬ್ಬರಿದ್ದರು, ಒಬ್ಬರು ಅವನ ಜೊತೆ ಕೆಳಗಿಳಿದರು. 2025ರ ಜೂನ್‌ನಲ್ಲಿ ಇದೇ ದಾರಿಯಲ್ಲಿ ಬ್ರೆಜಿಲ್‌ನ ಹುಡುಗಿಯೊಬ್ಬಳು ಜಾರಿ ಬಿದ್ದು ತೀರಿಕೊಂಡಳು. ಹೆದರಿಸಲು ಹೇಳುತ್ತಿಲ್ಲ. ಎಷ್ಟು ಜನಕ್ಕೆ ಎಷ್ಟು ಗೈಡ್ ಅಂತ ದುಡ್ಡು ಕೊಡುವ ಮೊದಲೇ ಕೇಳಿ. ನಾವು ಅಗ್ಗದ ಪ್ಯಾಕೇಜ್ ತಗೊಂಡೆವು, ಕೊಟ್ಟ ಸ್ಲೀಪಿಂಗ್ ಬ್ಯಾಗ್ ತೆಳ್ಳಗಿತ್ತು, ಆ ಚಳಿಯಲ್ಲಿ ಕಣ್ಣು ಮುಚ್ಚಲು ಆಗಲಿಲ್ಲ.

ಎರಡು ತಿಂಗಳು ವಾರಕ್ಕೊಮ್ಮೆ ಮಧುಗಿರಿಗೆ ಬನ್ನಿ, ಬೆನ್ನಿಗೆ ಏಳೆಂಟು ಕೆಜಿ ಹಾಕಿಕೊಂಡು ಹತ್ತಿ. ಹತ್ತುವುದಕ್ಕಿಂತ ಇಳಿಯುವಾಗ ಮಂಡಿ ಗಟ್ಟಿ ಇರಬೇಕು. ಶಿಖರ ಬೇಡ ಅನ್ನಿಸಿದರೆ ಅಂಚಿನಿಂದಲೇ ವಾಪಸ್ ಬನ್ನಿ. ಸೆಗಾರಾ ಅನಾಕ್ ಕೆರೆ, ಅದರೊಳಗಿಂದ ಎದ್ದ ಬರುಜಾರಿ ಅನ್ನುವ ಮರಿ ಜ್ವಾಲಾಮುಖಿ ಎರಡೂ ಅಲ್ಲಿಂದಲೇ ಕಾಣುತ್ತವೆ. ನನಗೆ ಶಿಖರಕ್ಕಿಂತ ಆ ನೋಟವೇ ಜಾಸ್ತಿ ಮನಸ್ಸಿನಲ್ಲಿ ಉಳಿದಿದೆ.

ಮಾಲೂರು_ಅಕ್ಕ

ತಮ್ಮಾ, ನೀನು ರೈತರನ್ನು ನೋಡಬೇಕು ಅಂದೆಯಲ್ಲ, ಹಾಗಾದರೆ ಸೆಂಬಲುನ್‌ಗೇ ಹೋಗು. ಸೆನಾರು ಚೆನ್ನಾಗಿದೆ, ಸೆಂಡಾಂಗ್ ಗಿಲೆ, ತಿಯು ಕೆಲೆಪ್ ಅಂತ ಎರಡು ಜಲಪಾತ ಇವೆ, ಅದಕ್ಕೆ ಒಂದು ದಿನ ಸಾಕು. ಸೆಂಬಲುನ್ ಅಂದರೆ ಸುತ್ತ ಬೆಟ್ಟ, ನಡುವೆ ಬಯಲು, ಬಯಲಿನ ತುಂಬಾ ಬೆಳ್ಳುಳ್ಳಿ, ಈರುಳ್ಳಿ, ಭತ್ತ, ಸ್ಟ್ರಾಬೆರಿ. ಕಪ್ಪು ಬೂದಿ ಮಣ್ಣು, ಕೈಯಲ್ಲಿ ಹಿಡಿದರೆ ಹುಡಿ ಹುಡಿ. ನಾವು ಟೊಮ್ಯಾಟೊ ಬೆಳೆಯುವವರು, ಗೊಬ್ಬರಕ್ಕೆ ಎಷ್ಟು ಸುರಿಯುತ್ತೇವೆ ಅಂತ ನಮಗೆ ಗೊತ್ತಲ್ವಾ, ಆ ಮಣ್ಣು ನೋಡಿ ನಮ್ಮ ಯಜಮಾನರು ಅರ್ಧ ಗಂಟೆ ಗದ್ದೆ ಬದುವಿನಿಂದ ಮೇಲೇಳಲೇ ಇಲ್ಲ.

ಹೋದ ಮಾರನೇ ದಿನವೇ ರಿಂಜಾನಿಗೆ ಹೊರಡಬೇಡಿ. ಹಳ್ಳಿ ಪಕ್ಕದಲ್ಲೇ ಪೆರ್ಗಾಸಿಂಗನ್ ಗುಡ್ಡ ಇದೆ, ಸುಮಾರು 1700 ಮೀಟರ್. ಮೊದಲು ಅದನ್ನು ಹತ್ತಿ. ಕಾಲಿಗೂ ಅಭ್ಯಾಸ, ಮೇಲಿಂದ ಹೊಲಗಳೆಲ್ಲ ಕೌದಿ ಹಾಸಿದ ಹಾಗೆ ಕಾಣುತ್ತವೆ.

ಊಟದ ವಿಷಯ ಮುಖ್ಯ. ಅನ್ನ, ತೋಫು, ಸೋಯಾ ಕಾಳಿನ ಟೆಂಪೆ ಎಲ್ಲಾ ಕಡೆ ಸಿಗುತ್ತವೆ. ಆದರೆ ಸಂಬಾಲ್ ಅಂತ ಖಾರದ ಚಟ್ನಿ ಕೊಡುತ್ತಾರೆ, ಅದರಲ್ಲಿ ಸಾಮಾನ್ಯವಾಗಿ ತೆರಾಸಿ, ಅಂದರೆ ಸಿಗಡಿ ಅರೆದದ್ದು, ಇರುತ್ತದೆ. ಸೊಪ್ಪಿನ ಪಲ್ಯಕ್ಕೂ ಹಾಕುತ್ತಾರೆ. 'ತನ್ಪಾ ತೆರಾಸಿ' ಅಂದರೆ ತೆರಾಸಿ ಇಲ್ಲದೆ, 'ತನ್ಪಾ ತೆಲೂರ್' ಅಂದರೆ ಮೊಟ್ಟೆ ಇಲ್ಲದೆ. ತಂಗಿಗೆ ಇವೆರಡು ಮಾತು ಬಾಯಿಪಾಠ ಮಾಡಿಸು. ಟ್ರೆಕ್ ದಿನಗಳಿಗೂ ಮೊದಲೇ ಹೇಳಿಡು.

ಅಲ್ಲಿಯವರು ಸಸಕ್ ಜನ, ಹೆಚ್ಚಿನವರು ಮುಸ್ಲಿಮರು. ಭುಜ, ಮಂಡಿ ಮುಚ್ಚುವ ಬಟ್ಟೆ ಹಾಕಿಕೊಳ್ಳಿ, ಏನೇ ಕೊಟ್ಟರೂ ಬಲಗೈಯಲ್ಲಿ ಕೊಡಿ. ಪೋರ್ಟರ್‌ಗಳು ಬಿದಿರು ಗಳದ ಎರಡೂ ತುದಿಗೆ ಬುಟ್ಟಿ ಕಟ್ಟಿ, ನಮ್ಮಲ್ಲಿ ಕಾವಡಿ ಹೊರುವ ಹಾಗೆ ಹೊರುತ್ತಾರೆ, ಎಷ್ಟೋ ಜನ ಬರೀ ಚಪ್ಪಲಿಯಲ್ಲಿ. ಅವರಿಗೆ ಕೊಡುವ ಟಿಪ್ಸ್ ನೇರ ಅವರ ಕೈಗೇ ಕೊಡಿ.

ಕೆಜಿಎಫ್_ಮಣ್ಣು

ಮಾಲೂರು ಅಕ್ಕ ಹೇಳಿದ ಆ ಮಣ್ಣಿಗೆ ಒಂದು ಕಥೆ ಇದೆ. 1257ರಲ್ಲಿ ರಿಂಜಾನಿ ಪಕ್ಕದ ಸಮಲಾಸ್ ಬೆಟ್ಟ ಸಿಡಿದು ಕುಸಿಯಿತು, ಈಗಿನ ಕುಳಿ, ಕೆರೆ ಆದದ್ದು ಹಾಗೆ. ಆಗ ಹಾರಿದ ಗಂಧಕದ ಗುರುತು ಎರಡೂ ಧ್ರುವಗಳ ಹಿಮದಲ್ಲಿ ಸಿಕ್ಕಿದೆ. ಬರುಜಾರಿ 2015, 2016ರಲ್ಲೂ ಉಗುಳಿದೆ. ಹಾಗಾಗಿ ಹೊರಡುವ ವಾರ ಅಲ್ಲಿನ ಸರ್ಕಾರದ ಮಾಗ್ಮಾ ಇಂಡೋನೇಷ್ಯಾ ವೆಬ್‌ಸೈಟ್ ನೋಡಿ. ಜ್ವಾಲಾಮುಖಿ ಎಚ್ಚರಿಕೆಗೆ ಕೆಳಗಿನಿಂದ ಮೇಲಕ್ಕೆ ನಾಲ್ಕು ಹಂತ ಇರುತ್ತವೆ: ನಾರ್ಮಲ್, ವಾಸ್ಪಾದಾ, ಸಿಯಾಗಾ, ಆವಾಸ್. ಸಿಯಾಗಾ ಅಂತ ಬಂದರೆ ಬೆಟ್ಟದ ಯೋಚನೆ ಬಿಡಿ.

ಹೋಗುವ ಮೊದಲು ಒಂದು ಭಾನುವಾರ ನಮ್ಮ ಕಡೆ ಬನ್ನಿ. ಕೆಜಿಎಫ್ ಹತ್ತಿರ ಪೆದ್ದಪಲ್ಲಿಯಲ್ಲಿ ಜ್ವಾಲಾಮುಖಿ ಎಸೆದ ಚೂರುಗಳು ಸೇರಿ ಗಟ್ಟಿಯಾದ ಕಲ್ಲು ಇದೆ. ನೀರಿನೊಳಗೆ ಹರಿದು ದಿಂಬಿನ ಆಕಾರ ತಾಳಿದ ಲಾವಾ ಕೂಡ ಇದೆ. ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ ಅದು. ಸುಮಾರು 270 ಕೋಟಿ ವರ್ಷ ಹಳೆಯದು. ನಮ್ಮ ಚಿನ್ನ ಸಿಕ್ಕಿದ್ದು ಅಂಥ ಹಳೆಯ ಲಾವಾ ಕಲ್ಲುಗಳ ನಡುವೆಯೇ. ಅದನ್ನು ಮುಟ್ಟಿ ನೋಡಿ ಆಮೇಲೆ ರಿಂಜಾನಿ ಬೂದಿಯ ಮೇಲೆ ಕಾಲಿಡಿ, ಬೇರೆಯೇ ಅನ್ನಿಸುತ್ತದೆ.

ಶಿಡ್ಲಘಟ್ಟ_ಗೂಡು

ಇಷ್ಟೊಂದು ಬರೆದಿರಿ, ತುಂಬಾ ಥ್ಯಾಂಕ್ಸ್. ತಂಗಿಗೆ ಎಲ್ಲಾ ಓದಿ ಹೇಳಿದೆ. ಸೆಂಬಲುನ್‌ನಲ್ಲಿ ಐದು ರಾತ್ರಿ, ಮೊದಲು ಪೆರ್ಗಾಸಿಂಗನ್, ಆಮೇಲೆ ಕುಳಿಯ ಅಂಚು. ಶಿಖರದ ಮಾತು ಅಲ್ಲಿ ಹೋದ ಮೇಲೆ. ಈ ಭಾನುವಾರ ಮಧುಗಿರಿ, ಮುಂದಿನ ಭಾನುವಾರ ಪೆದ್ದಪಲ್ಲಿ. ಅಕ್ಕಾ, ಅಲ್ಲಿ ನಾವು ಉಳಿಯುವ ಮನೆಯವರಿಗೆ ಏನು ತಗೊಂಡು ಹೋಗಲಿ?

ಮಾಲೂರು_ಅಕ್ಕ

ನಿಮ್ಮ ಹಿಪ್ಪುನೇರಳೆ ತೋಟ, ಹುಳದ ತಟ್ಟೆ, ಗೂಡು ಕಟ್ಟಿದ ಚಂದ್ರಿಕೆ, ಎಲ್ಲದರ ಫೋಟೊ ಪ್ರಿಂಟ್ ಹಾಕಿಸಿಕೊಂಡು ಹೋಗು ತಮ್ಮಾ. ನಾವು ಮೊಬೈಲ್‌ನಲ್ಲಿ ನಮ್ಮ ಟೊಮ್ಯಾಟೊ ತೋಟ ತೋರಿಸಿದ ಮೇಲೆಯೇ ನಾವು ಉಳಿದಿದ್ದ ಮನೆಯ ಅಜ್ಜಿ ನಮ್ಮನ್ನು ಬೆಳ್ಳುಳ್ಳಿ ಹೊಲಕ್ಕೆ ಕರೆದುಕೊಂಡು ಹೋದದ್ದು.