ಸಹಾಯ ಬೇಕು: ಹಳ್ಳದ ಮೇಲೆ ಬೇರಿನ ಕಮಾನು

ಎಲ್ಲರಿಗೂ ನಮಸ್ಕಾರ. ಶಿರಸಿ ಕಡೆ ನಮ್ಮ ತೋಟದಂಚಿನ ಹಳ್ಳದ ಮೇಲೆ ಜೀವಂತ ಬೇರಿನ ಕಮಾನು ಬೆಳೆಸುವ ಆಸೆ. ಮೇಘಾಲಯದ ಖಾಸಿ ಜನ ರಬ್ಬರ್ ಫಿಗ್ (ಆಲದ ಬಳಗದ್ದೇ ಒಂದು ಮರ) ಮರದ ಬೇರುಗಳನ್ನು ಟೊಳ್ಳು ಮಾಡಿದ ಅಡಿಕೆ ಮರದೊಳಗೆ ಹಾಯಿಸಿ ಸೇತುವೆ ಮಾಡ್ತಾರಲ್ಲ, ಅದೇ ದಾರಿ. ಓಡಾಡುವಷ್ಟು ಗಟ್ಟಿಯಾಗಲು 15 ವರ್ಷಕ್ಕೂ ಜಾಸ್ತಿ ಬೇಕು. ನನಗೆ ಅವಸರವಿಲ್ಲ. ಸಿಮೆಂಟು, ತಂತಿ ಮಾತ್ರ ಖಂಡಿತ ಬೇಡ.

ದಡದಲ್ಲಿ ಹಳೇ ಆಲದ ಮರವಿದೆ. ಎಳೇ ಬಿಳಲುಗಳು ಬೆರಳಿನಷ್ಟು ದಪ್ಪ, ತುದಿ ತೇವವಾಗಿದೆ, ಬಗ್ಗಿಸಿದರೆ ಬಾಗುತ್ತವೆ. ಹೊರಗಿಂದ ಬೇರೆ ಗಿಡ ತರಲು ಮನಸ್ಸಿಲ್ಲ. ಆಲದ ಬಿಳಲನ್ನು ಅಡ್ಡಕ್ಕೆ ಬೆಳೆಸಿದವರು ಇದ್ದೀರಾ? ಅಡಿಕೆ ದಬ್ಬೆಯೊಳಗೆ ಮಣ್ಣು ತುಂಬಬೇಕಾ, ತೆಂಗಿನ ನಾರು ಸಾಕಾ? ಬೇಸಿಗೆಯಲ್ಲಿ ತುದಿ ಒಣಗದ ಹಾಗೆ ಏನು ಮಾಡಬೇಕು? ಮಾಡಿ ನೋಡಿದವರು ದಯವಿಟ್ಟು ತಿಳಿಸಿ. ಫೋಟೋ ಇದ್ದರೆ ಇನ್ನೂ ಒಳ್ಳೇದು.