ತಾಯ್ ಚಿಯಲ್ಲಿರುವ 'ಚಿ' ಉಸಿರಿನ ಚಿ ಅಲ್ವಾ?

ಪ್ರಶ್ನೆ:
ಎರಡು ವರ್ಷದಿಂದ ತಾಯ್ ಚಿ ಎಂಬ ಚೀನೀ ಕಾದಾಟದ ಕಲೆ ಕಲಿಯುತ್ತಿದ್ದೇನೆ. 'ಚಿ' ಅಂದರೆ ಉಸಿರು, ಪ್ರಾಣಶಕ್ತಿ ಅಂತ ನಂಬಿದ್ದೆ. ಹೊಸದಾಗಿ ಸೇರಿದವರಿಗೂ ಹಾಗೇ ಹೇಳಿಕೊಟ್ಟೆ. ಮೊನ್ನೆ ಒಬ್ಬರು ಅದು ತಪ್ಪು ಅಂದರು. ನಿಜಾನಾ? ಕುಂಗ್ ಫು, ವುಶು ಎರಡೂ ಒಂದೇನಾ?

ಉತ್ತರ 1:
ಅವರು ಹೇಳಿದ್ದು ಸರಿ. ಚೀನೀ ಬರಹದಲ್ಲಿ ಉಸಿರಿನ 'ಚಿ', ತಾಯ್ ಚಿಯ 'ಚಿ' ಎರಡೂ ಬೇರೆ ಬೇರೆ ಅಕ್ಷರ. ಕನ್ನಡದವರಿಗೆ ವ್ಯತ್ಯಾಸ ಬೇಗ ಹಿಡಿಯುತ್ತದೆ. ಉಸಿರಿನದು ಮಹಾಪ್ರಾಣ, ಹೆಚ್ಚುಕಡಿಮೆ 'ಛಿ'. ತಾಯ್ ಚಿಯದು ಅಲ್ಪಪ್ರಾಣ, ಚೀನೀ ಪದಗಳನ್ನು ಇಂಗ್ಲಿಷ್ ಅಕ್ಷರದಲ್ಲಿ ಬರೆಯುವ ಈಗಿನ ಪಿನ್‌ಯಿನ್ ಪದ್ಧತಿಯಲ್ಲಿ 'ತಾಯ್‌ಜಿ'. ಅದಕ್ಕೂ ಹಳೆಯ ವೇಡ್-ಜೈಲ್ಸ್ ಎಂಬ ಪದ್ಧತಿಯಲ್ಲಿ ಮಹಾಪ್ರಾಣ ತೋರಿಸಲು ಮೇಲೆ ಅಲ್ಪವಿರಾಮದಂಥ ಗುರುತು ಹಾಕುತ್ತಿದ್ದರು. ಜನ ಆ ಗುರುತು ಬಿಟ್ಟು ಬರೆದರು, ಎರಡೂ ಒಂದೇ ಥರ ಕಾಣತೊಡಗಿದವು.

'ಜಿ'ಯ ಹಳೆಯ ಅರ್ಥ ನನಗೆ ತುಂಬ ಇಷ್ಟ. ಮಾಡಿನ ನೆತ್ತಿಯಲ್ಲಿ ಉದ್ದಕ್ಕೂ ಹೋಗುವ ತೊಲೆ! ಅದಕ್ಕಿಂತ ಮೇಲೆ ಮನೆಯಲ್ಲಿ ಏನೂ ಇಲ್ಲ. ಅದರಿಂದಲೇ 'ತುತ್ತತುದಿ' ಎಂಬ ಅರ್ಥ ಬಂತು. 'ತಾಯ್' ಅಂದರೆ ಅತಿ ದೊಡ್ಡದು. ಯಿನ್, ಯಾಂಗ್ ಎಂಬ ಎದುರುಬದುರು ಶಕ್ತಿಗಳೆರಡೂ ಹುಟ್ಟುವ ಮೂಲಕ್ಕೆ ತಾಯ್‌ಜಿ ಎನ್ನುತ್ತಾರೆ. ನಿಮ್ಮ ಕಲೆಯ ಪೂರ್ತಿ ಹೆಸರು ತಾಯ್‌ಜಿಚುವಾನ್. 'ಚುವಾನ್' ಅಂದರೆ ಮುಷ್ಟಿ. ಉಸಿರಿನ ಚಿ ಇರುವುದು ಚಿಗಾಂಗ್ ಎಂಬ ಚೀನೀ ಉಸಿರಾಟದ ಅಭ್ಯಾಸದ ಹೆಸರಿನಲ್ಲಿ.

ಉತ್ತರ 2:
ಕುಂಗ್ ಫು ಅಂದರೆ ದಿನಗಟ್ಟಲೆ ದುಡಿದು ಗಳಿಸಿದ ಕೈಚಳಕ. ಅಡುಗೆಯವರಿಗೂ ಇರಬಹುದು. ನಿಧಾನವಾಗಿ, ಹದವಾಗಿ ಚಹಾ ಮಾಡುವ ಕ್ರಮಕ್ಕೂ ಚೀನಾದಲ್ಲಿ 'ಗಾಂಗ್‌ಫು ಚಾ' ಎನ್ನುತ್ತಾರೆ. ಕಾದಾಟದ ಕಲೆಗೆ ನೇರ ಪದ ವುಶು. 1928ರಲ್ಲಿ ಚೀನಾದ ನಾನ್‌ಜಿಂಗ್ ನಗರದಲ್ಲಿ ಈ ಕಲೆಗಳ ಕೇಂದ್ರ ಸಂಸ್ಥೆ ಶುರುವಾದಾಗ ಅದಕ್ಕೆ 'ಗುವೊಶು', ಅಂದರೆ ನಾಡಕಲೆ, ಎಂಬ ಹೆಸರಿಟ್ಟರು.

ವುಶುವಿನ 'ವು' ಅಕ್ಷರದಲ್ಲಿ ಎರಡು ತುಂಡುಗಳಿವೆ. ಒಂದು ಆಯುಧ, ಇನ್ನೊಂದಕ್ಕೆ ಈಗ 'ನಿಲ್ಲಿಸು' ಎಂಬ ಅರ್ಥ. ಕ್ರಿ.ಪೂ. 597ರಲ್ಲಿ ಯುದ್ಧ ಗೆದ್ದ ಚು ನಾಡಿನ ದೊರೆ ಝುವಾಂಗ್, ಶತ್ರುಗಳ ಹೆಣ ಗುಡ್ಡೆಹಾಕಿ ಸ್ಮಾರಕ ಮಾಡಲು ಒಪ್ಪಲಿಲ್ಲ. ಆಯುಧ ನಿಲ್ಲಿಸುವುದೇ 'ವು' ಎಂದ, ಅಂತ ಹಳೆಯ ಇತಿಹಾಸ ಗ್ರಂಥದಲ್ಲಿದೆ. ಆದರೆ ಆ 'ನಿಲ್ಲಿಸು' ತುಂಡು ಮೊದಲು ಪಾದದ ಚಿತ್ರವಾಗಿತ್ತು. ಆಯುಧ ಹಿಡಿದು ನಡೆಯುವವನು ಎಂಬುದೇ ಮೂಲ ಅರ್ಥ ಎನ್ನುವವರು ಜಾಸ್ತಿ. ನನಗೂ ಅದೇ ಸರಿ ಅನ್ನಿಸುತ್ತದೆ. ಆದರೂ ದೊರೆಯ ಮಾತು ಮರೆಯಲಾಗದು.

ಪ್ರಶ್ನೆ ಕೇಳಿದವರು:
ಇಬ್ಬರಿಗೂ ಥ್ಯಾಂಕ್ಸ್. ನೆತ್ತಿಯನ್ನು ದಾರದಲ್ಲಿ ತೂಗುಹಾಕಿದ ಹಾಗೆ ನಿಲ್ಲಿ ಅಂತ ನಮ್ಮ ಗುರುಗಳು ದಿನವೂ ಹೇಳುತ್ತಾರೆ. ಇವತ್ತು ನಿಂತಾಗ ಆ ತೊಲೆಯೇ ಕಣ್ಣಮುಂದೆ ಬಂತು. ನಾನು ತಪ್ಪು ಹೇಳಿಕೊಟ್ಟ ಐದು ಜನ ಇದ್ದಾರೆ, ಅವರಿಗೆ ನಾಳೆಯೇ ಹೇಳುತ್ತೇನೆ.