ಎಡಗೈಯಲ್ಲಿ ಹೆದೆ ಎಳೆದರೆ ಬಾಣ ಬಲಕ್ಕೇ ಹೋಗುತ್ತಿದೆ: ತಪ್ಪು ಕಣ್ಣಿನದೋ, ಬಾಣದ್ದೋ?

ಪ್ರಶ್ನೆ (ಹಾಸನ):
ಬಲಗೈ ರೂಢಿ, ಆದರೆ ಬಲ ಭುಜ ನೋವು. ಹಾಗಾಗಿ ಎಡಗೈಯಲ್ಲಿ ಎಳೆಯುವ ಅಭ್ಯಾಸ. ಎಡಗೈಯವರ ರೈಸರ್ (ಬಿಲ್ಲಿನ ನಡುವಿನ ಹಿಡಿ ಭಾಗ), 20 ಪೌಂಡಿನ ಲಿಂಬ್ (ಬಾಗುವ ತೋಳು; ಪೌಂಡ್ ಅಂದರೆ ಎಳೆತದ ಬಿಗಿ). ಬಾಣ ಮಾತ್ರ ಹಳೆಯವು, 32 ಪೌಂಡಿಗೆಂದು ಕೊಂಡ 600 ಸ್ಪೈನ್ ಕಾರ್ಬನ್ (ಸ್ಪೈನ್ ಅಂದರೆ ಬಾಗುವಿಕೆಯ ಅಳತೆ, ಅಂಕಿ ಹೆಚ್ಚಿದಷ್ಟೂ ಬಾಣ ಹೆಚ್ಚು ಬಾಗುತ್ತದೆ). 10 ಮೀಟರಿಂದ ಎಲ್ಲವೂ ಬಲಕ್ಕೆ. ಬಲಗಣ್ಣಿಗೆ ಪಟ್ಟಿ ಕಟ್ಟಲೇ?

ಉತ್ತರ 1:
ಬಲಕ್ಕೆ ಅಂದರೆ ಎಷ್ಟು? ಟೇಪ್ ಹಿಡಿದು ಅಳೆಯಿರಿ, ಅರ್ಧ ಉತ್ತರ ಅಲ್ಲೇ ಇದೆ. ಎರಡು ಕಣ್ಣಿನ ನಡುವೆ ಸುಮಾರು 6 ಸೆಂ.ಮೀ., ಕಣ್ಣಿಂದ ಬಾಣದ ತುದಿಗೆ ಸುಮಾರು 70. ಬಾಣ ಎಡಗಣ್ಣಿನ ಕೆಳಗಿದ್ದು ಗುರಿ ಹಿಡಿಯುವುದು ಬಲಗಣ್ಣಾದರೆ 10 ಮೀಟರಿಗೆ ತಪ್ಪು ಸುಮಾರು 80 ಸೆಂ.ಮೀ. ಆಗುತ್ತದೆ.

ಪ್ರಶ್ನೆ:
ಹತ್ತರಲ್ಲಿ ಎಂಟು 12ರಿಂದ 18 ಸೆಂ.ಮೀ., ಒಂದೇ ಗುಂಪು. ಉಳಿದೆರಡು ಬಾಣ ಗುರಿಯ ಹುಲ್ಲಿನ ಪಿಂಡಿಯನ್ನೇ ಬಿಟ್ಟು ಹೋದವು. ಆ ಎರಡಕ್ಕೆ ಬಲಗಣ್ಣು ಮುಚ್ಚಿರಲಿಲ್ಲ.

ಉತ್ತರ 1:
ಹಾಗಾದರೆ ರೋಗ ಎರಡು. ಪಿಂಡಿ ತಪ್ಪಿದ್ದು ಕಣ್ಣಿನದು. ಕನ್ನಡಕದ ಬಲ ಗಾಜಿಗೆ ಟೇಪ್ ಅಂಟಿಸಿದರೆ ಸಾಕು. ಆ ಎಂಟು ಬಾಣದ್ದು. ಬಿಟ್ಟ ಕ್ಷಣ ಬಾಣ ಬಾಗಿ ರೈಸರನ್ನು ಸುತ್ತಿಕೊಂಡು ಹೋಗಬೇಕು. 20 ಪೌಂಡಿಗೆ 600 ಅಂದರೆ ಕಬ್ಬಿಣದ ಸರಳಿದ್ದ ಹಾಗೆ, ಸಾಕಷ್ಟು ಬಾಗುವುದೇ ಇಲ್ಲ, ರೈಸರಿನಿಂದ ಆಚೆಗೆ ಸಿಡಿಯುತ್ತದೆ. ಎಡಗೈಯವರಿಗೆ ಆ ‘ಆಚೆ’ ಬಲಕ್ಕೆ. ಗರಿ ಕಿತ್ತ ಒಂದು ಬಾಣ ಹೊಡೆದು ನೋಡಿ, ಗುಂಪಿಗಿಂತ ಇನ್ನೂ ಬಲಕ್ಕೆ ಬಿದ್ದರೆ ಇದೇ ಖಾತ್ರಿ. 1000 ಸ್ಪೈನ್ ತರಿಸಿ. ಅಲ್ಲಿಯವರೆಗೆ ಮೊನೆಯ ತೂಕ ಹೆಚ್ಚಿಸಿದರೆ ಸ್ವಲ್ಪ ಸುಧಾರಿಸೀತು. ಹೆದೆ ಬಿಡುವಾಗ ಕೈ ಕೆನ್ನೆಯಿಂದ ಹೊರಕ್ಕೆ ಹಾರಿದರೂ ಬಾಣ ಬಲಕ್ಕೇ ಹೋಗುತ್ತದೆ, ಆದರೆ ಆಗ ಗುಂಪು ಚದುರುತ್ತದೆ.

ಉತ್ತರ 2 (ಚಿಕ್ಕಮಗಳೂರು):
ಭುಜದ ಮಾತು ಯಾರೂ ಎತ್ತಲಿಲ್ಲ. ಎಳೆಯುವ ಕೈಗೆ 20 ಪೌಂಡಾದರೆ ಬಿಲ್ಲು ಹಿಡಿದ ಕೈಗೂ ಅಷ್ಟೇ ಒತ್ತಡ. ಕೈ ಬದಲಿಸಿದ ಮಾತ್ರಕ್ಕೆ ಬಲ ಭುಜಕ್ಕೆ ರಜೆ ಸಿಗಲಿಲ್ಲ. ತೋರಿಸಿಕೊಂಡೇ ಮುಂದುವರಿಯಿರಿ.

ಟ್ಯಾಬ್ (ಹೆದೆ ಎಳೆಯುವ ಬೆರಳಿಗೆ ಹಾಕುವ ಚರ್ಮದ ರಕ್ಷೆ) ಎಡಗೈಯದೇ ಬೇಕು, ಬಲಗೈಯದನ್ನು ತಿರುಗಿಸಿ ಹಾಕಿದರೆ ಚರ್ಮದ ಮುಖ ಹೆದೆಯ ಕಡೆಗೆ ಬರುವುದಿಲ್ಲ. ಲಿಂಬಿಗೆ ಎಡ ಬಲ ಇಲ್ಲ. ಬಾಣಕ್ಕೂ ಇಲ್ಲ, ಬೇರೆ ಬಣ್ಣದ ಗರಿ ರೈಸರಿನಿಂದ ಹೊರಕ್ಕೆ ಬರುವಂತೆ ತಿರುಗಿಸಿದರಾಯ್ತು. (ನಡುವೆ ಕೊರೆಯದ ಬಿದಿರು ಬಿಲ್ಲಾದರೆ ಎರಡೂ ಕೈಗೆ ಒಂದೇ, ಸವ್ಯಸಾಚಿಗಳಿಗೆ ಅನುಕೂಲ.)

ಹೊಸ ಬಾಣ ಬರುವವರೆಗೆ ಗುರಿ ಬೇಡ. ಪಿಂಡಿಯಿಂದ 3 ಮೀಟರ್, ತೋರುಬೆರಳು ಬಾಯಿಯ ಎಡ ಮೂಲೆಗೆ, ಕಣ್ಣು ಮುಚ್ಚಿ ದಿನಕ್ಕೆ 30 ಬಾಣ. ಮಳೆಯಲ್ಲಿ ಪಿಂಡಿ ನೆನೆಯದಂತೆ ಟಾರ್ಪಲ್ ಹೊದಿಸಿ. ಒದ್ದೆ ಹುಲ್ಲು ಕಾರ್ಬನ್ನನ್ನು ಕಚ್ಚಿಕೊಂಡರೆ ಬಿಡುವುದಿಲ್ಲ, ಕೀಳುವ ಕೈ ನಿಮ್ಮ ಆ ಬಲಗೈಯೇ.